ನಾಯಕಿಯ ನಡಿಗೆ: ವಿಡಿಯೋ ಗೇಮ್‌ನಿಂದ ನಾವು ಕಲಿಯಬಹುದಾದ ಪಾಠ

(ಅಮ್ಮತ್ತಿಯಲ್ಲಿ ಜರುಗಿದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ನಾನು ಆರಿಸಿಕೊಂಡ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಶಿಕ್ಷಣ ಸಂಘದ ವೇದಿಕೆಯಲ್ಲಿ ವಿಡಿಯೋ ಗೇಮ್ ಬಗ್ಗೆ ಭಾಷಣವೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ನಮ್ಮ ಮಕ್ಕಳ ಕೈಯಲ್ಲಿ ಇಂದು ಪುಸ್ತಕಕ್ಕಿಂತ ಹೆಚ್ಚು ಹೊತ್ತು ಇರುವುದು ಮೊಬೈಲ್ ಎಂಬ ಸತ್ಯವನ್ನು ಯಾರೂ ಅಲ್ಲಗಳೆಯಲಾರರು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಆಟವನ್ನು ನಿಷೇಧಿಸಿದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟರು. 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿ ಬಂತು. ಆಟ ಆಡಬೇಕೋ ಬೇಡವೋ ಎಂಬ ಚರ್ಚೆ ಇಂದು ನನ್ನ ವಿಷಯವಲ್ಲ. ಕಾಲವನ್ನು ವ್ಯರ್ಥ ಮಾಡಬಾರದು ಎಂಬುದರಲ್ಲಿ ನಮಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ನಾನು ಕೇಳಬಯಸುವ ಪ್ರಶ್ನೆ ಬೇರೆ. ಆ ಪರದೆಯ ಮೇಲೆ ಓಡುವ, ಹಾರುವ, ಗೋಡೆ ಹತ್ತುವ ನಾಯಕ ತಾನಾಗಿ ಓಡುತ್ತಿಲ್ಲ. ಅವನನ್ನು ಯಾರೋ ಓಡಿಸುತ್ತಿದ್ದಾರೆ. ನಾಯಕನ ಬದಲು ನಾಯಕಿ ಇದ್ದರೆ ಅವಳು ಹೇಗೆ ಓಡಬೇಕು, ಹೇಗೆ ನಿಲ್ಲಬೇಕು, ಅವಳು ಆಟದಲ್ಲಿ ಇರಬೇಕೋ ಬೇಡವೋ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಯಾವ ಆಧಾರದ ಮೇಲೆ? ಈ ಪ್ರಶ್ನೆಗೂ ನಮ್ಮ ಮನೆಯ ಹೆಣ್ಣುಮಕ್ಕಳ ಓದಿಗೂ ಸಂಬಂಧವಿದೆ. ಅದನ್ನು ಕ್ರಮವಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಈ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯೋಣ. ಕಂಪ್ಯೂಟರಿನ ಪಾತ್ರಕ್ಕೆ ಹೊರಗೆ ಮುಖ, ಕೈಕಾಲು, ಬಟ್ಟೆಬರೆ ಇರುತ್ತವೆ. ಒಳಗೆ ಒಂದು ಎಲುಬಿನ ಗೂಡನ್ನು ಕೂರಿಸಿರುತ್ತಾರೆ. ಅದನ್ನು ರಿಗ್ ಎನ್ನುತ್ತಾರೆ. ಮಂಡಿ, ಸೊಂಟ, ಭುಜ, ಕತ್ತು ಎಲ್ಲೆಲ್ಲಿ ಎಷ್ಟೆಷ್ಟು ತಿರುಗಬೇಕು ಎಂದು ಅನಿಮೇಟರ್ ಒಂದೊಂದು ಕ್ಷಣಕ್ಕೂ ನಿಗದಿಪಡಿಸುತ್ತಾನೆ. ಇಲ್ಲವಾದರೆ ಒಬ್ಬ ನಟ ಅಥವಾ ನಟಿಯ ಮೈಗೆ ಗುರುತಿನ ಚುಕ್ಕೆಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾಗಳನ್ನಿಟ್ಟು, ಅವರು ನಡೆದ ನಡಿಗೆಯನ್ನೇ ಕಂಪ್ಯೂಟರಿಗೆ ತುಂಬುತ್ತಾರೆ. ಇದಕ್ಕೆ ಮೋಷನ್ ಕ್ಯಾಪ್ಚರ್ ಎಂದು ಹೆಸರು. ಹೀಗೆ ಒಬ್ಬರ ಎಲುಬಿನ ಗೂಡಿಗಾಗಿ ತಯಾರಿಸಿದ ಓಟವನ್ನು ಎತ್ತರ, ಅಗಲಗಳ ವ್ಯತ್ಯಾಸ ಸರಿಪಡಿಸಿ ಇನ್ನೊಬ್ಬರ ಗೂಡಿಗೆ ಹೊಂದಿಸಲೂ ಬರುತ್ತದೆ. ಅಣ್ಣನ ಅಂಗಿಯನ್ನು ದರ್ಜಿ ತಮ್ಮನ ಅಳತೆಗೆ ಬಿಗಿ ಮಾಡಿಕೊಡುವ ಹಾಗೆ. ಇದನ್ನು ರೀಟಾರ್ಗೆಟಿಂಗ್ ಎನ್ನುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಸ್ವಲ್ಪ ಇತಿಹಾಸ. 1980ರಲ್ಲಿ ಜಪಾನಿನಲ್ಲಿ ಪ್ಯಾಕ್‌ಮ್ಯಾನ್ ಎಂಬ ಆಟ ಬಂತು. ಬಾಯಿ ತೆರೆದು ಮುಚ್ಚುವ ಒಂದು ಹಳದಿ ಉಂಡೆ, ಅಷ್ಟೆ. 1982ರಲ್ಲಿ ಅಮೆರಿಕದಲ್ಲಿ ಮಿಸ್ ಪ್ಯಾಕ್‌ಮ್ಯಾನ್ ಬಂದಾಗ ಅದೇ ಹಳದಿ ಉಂಡೆಯ ತಲೆಗೆ ಒಂದು ಕೆಂಪು ರಿಬ್ಬನ್ ಕಟ್ಟಿ, ತುಟಿಗೆ ಬಣ್ಣ ಬಳಿದರು. ಚಲನೆಯಲ್ಲಿ ಹೆಣ್ಣು ಗಂಡು ಎಂಬ ಭೇದವೇ ಇರಲಿಲ್ಲ, ಭೇದವಿದ್ದದ್ದು ಅಲಂಕಾರದಲ್ಲಿ. 1986ರ ಮೆಟ್ರಾಯ್ಡ್ ಆಟದಲ್ಲಿ ನಾಯಕ ಪೂರ್ತಿ ಕವಚ ತೊಟ್ಟು ಓಡುತ್ತಾ, ಹಾರುತ್ತಾ ಹೋರಾಡುತ್ತಾನೆ. ಆಟವನ್ನು ಬೇಗ ಗೆದ್ದವರಿಗೆ ಕೊನೆಯಲ್ಲಿ ಕವಚದೊಳಗಿನ ಸ್ಯಾಮಸ್ ಹೆಣ್ಣು ಎಂದು ತಿಳಿಯುತ್ತಿತ್ತು. ಅಲ್ಲಿಯವರೆಗೆ ಆ ಓಟ ನೋಡಿ ಯಾರಿಗೂ ಅನುಮಾನ ಬಂದಿರಲಿಲ್ಲ.

1989ರಲ್ಲಿ ಬಂದ ಪ್ರಿನ್ಸ್ ಆಫ್ ಪರ್ಷಿಯಾ ಆಟವನ್ನು ಇಲ್ಲಿರುವ ಕೆಲವು ತಂದೆಯರು ತಮ್ಮ ಕಾಲೇಜು ದಿನಗಳಲ್ಲಿ ಆಡಿರಬಹುದು. ಅದನ್ನು ತಯಾರಿಸಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಆ ಚಿತ್ರಗಳ ಮೇಲೆಯೇ ರಾಜಕುಮಾರನ ಚಲನೆಯನ್ನು ಬಿಡಿಸಿದ. ಅಷ್ಟು ಸಹಜವಾದ ಓಟ ಅದುವರೆಗೆ ಕಂಪ್ಯೂಟರಿನಲ್ಲಿ ಅಪರೂಪವಾಗಿತ್ತು. ಆದರೆ ಆ ಆಟದಲ್ಲಿ ರಾಜಕುಮಾರಿಯ ಪಾತ್ರವೇನು? ಕೋಣೆಯಲ್ಲಿ ಬಂದಿಯಾಗಿ, ಮರಳು ಗಡಿಯಾರದ ಅರವತ್ತು ನಿಮಿಷ ಮುಗಿಯುವುದರೊಳಗೆ ಯಾರಾದರೂ ಬಂದು ಬಿಡಿಸಲಿ ಎಂದು ಕಾಯುವುದು. ಗಂಡಿಗೆ ಓಟ, ಹೆಣ್ಣಿಗೆ ಕಾಯುವಿಕೆ. ಇಂಗ್ಲೆಂಡಿನ ಕೋರ್ ಡಿಸೈನ್ ಸಂಸ್ಥೆ 1996ರಲ್ಲಿ ಹೊರತಂದ ಟೂಂಬ್ ರೈಡರ್‌ನಲ್ಲಿ ಲಾರಾ ಕ್ರಾಫ್ಟ್ ಎಂಬ ನಾಯಕಿ ಬಂದಳು. ಅವಳು ಓಡಿದಳು, ಈಜಿದಳು, ಬಂಡೆ ಹತ್ತಿದಳು. ಆದರೆ ಅವಳ ಮೈಕಟ್ಟನ್ನು ಜಾಹೀರಾತಿಗೆ ಬಳಸಿಕೊಂಡ ರೀತಿ ನೋಡಿದರೆ, ಓಟ ಅವಳದು, ಕಣ್ಣು ಬೇರೆಯವರದು ಎನ್ನಬೇಕಾಗುತ್ತದೆ.

ಹಾಗಾದರೆ ಗಂಡಿನ ನಡಿಗೆಗೂ ಹೆಣ್ಣಿನ ನಡಿಗೆಗೂ ನಿಜವಾಗಿ ವ್ಯತ್ಯಾಸವಿಲ್ಲವೇ? ಇದೆ. ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಎಂಬ ಮನಶ್ಶಾಸ್ತ್ರಜ್ಞ ಜನರ ಕೀಲುಗಳಿಗೆ ಸಣ್ಣ ದೀಪಗಳನ್ನು ಕಟ್ಟಿ, ಕತ್ತಲಲ್ಲಿ ನಡೆಸಿ ಚಿತ್ರೀಕರಿಸಿದ. 1973ರಲ್ಲಿ ಪ್ರಕಟವಾದ ಅವನ ಅಧ್ಯಯನದ ಪ್ರಕಾರ, ಹತ್ತಾರು ಬೆಳಕಿನ ಚುಕ್ಕೆಗಳ ಚಲನೆ ಕಂಡೊಡನೆ ಇದು ನಡೆಯುತ್ತಿರುವ ಮನುಷ್ಯ ಎಂದು ನೋಡುಗರು ಗುರುತಿಸುತ್ತಾರೆ. 1977ರಲ್ಲಿ ಅಮೆರಿಕದ ಕೊಝ್ಲೋವ್‌ಸ್ಕಿ ಮತ್ತು ಕಟಿಂಗ್ ಎಂಬಿಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬರೀ ಚುಕ್ಕೆಗಳನ್ನು ತೋರಿಸಿ ಇದು ಗಂಡೋ ಹೆಣ್ಣೋ ಎಂದು ಕೇಳಿದರು. ಬರೀ ಊಹೆಯಿಂದ ಹೇಳಿದರೆ ಎಷ್ಟು ಸರಿಯಾಗಬಹುದೋ ಅದಕ್ಕಿಂತ ಹೆಚ್ಚು ಉತ್ತರಗಳು ಸರಿಯಾದವು. ತಪ್ಪುಗಳೂ ಸಾಕಷ್ಟಾದವು. ಮುಖ್ಯವಾದ ಸಂಗತಿ ಇದು: ನಡೆಯುವವರ ಕೈಬೀಸುವಿಕೆಯನ್ನೋ ವೇಗವನ್ನೋ ಬದಲಿಸಿದಾಗ ಗುರುತಿಸುವುದು ಕಷ್ಟವಾಯಿತು. ಗಂಡಸರಲ್ಲಿ ಭುಜದ ಕಡೆ ಓಲಾಟ ಹೆಚ್ಚು, ಹೆಂಗಸರಲ್ಲಿ ಸೊಂಟದ ಕಡೆ ಹೆಚ್ಚು ಎಂಬುದು ಸರಾಸರಿಯ ಮಾತು. ಸರಾಸರಿ ಎಂದರೇನೆಂದು ಗಣಿತ ಓದುವ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ.

ಇದನ್ನು ತಿಳಿಯಲು ನಾವು ಸ್ವೀಡನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಕೊಡಗಿನಲ್ಲೇ ನೋಡಿ. ಕೊಡವರ ಬೊಳಕಾಟ್‌ನಲ್ಲಿ ಗಂಡಸರು ದೀಪದ ಸುತ್ತ ಚವರಿ ಬೀಸುತ್ತಾ ಹೆಜ್ಜೆ ಹಾಕುತ್ತಾರೆ. ಉಮ್ಮತ್ತಾಟ್‌ನಲ್ಲಿ ಹೆಂಗಸರು ಕೈಯಲ್ಲಿ ತಾಳ ಹಿಡಿದು ದೀಪದ ಸುತ್ತ ಬಾಗಿ ಸುತ್ತುತ್ತಾರೆ. ನಮ್ಮ ಮಾಪಿಳ್ಳೆ ಮದುವೆ ಮನೆಗಳಲ್ಲಿ ಕೋಲ್ಕಳಿಗೆ ಗಂಡಸರು ಕುಣಿಯುತ್ತಾರೆ, ಒಪ್ಪನಕ್ಕೆ ಹೆಂಗಸರು ವಧುವಿನ ಸುತ್ತ ಕೈತಟ್ಟುತ್ತಾರೆ. ಇವೆಲ್ಲ ಚೆಂದದ ವ್ಯತ್ಯಾಸಗಳು. ಆದರೆ ಇವೆಲ್ಲ ಕಲಿತು ಬಂದವು. ಯಕ್ಷಗಾನವನ್ನು ನೋಡಿ. ಮಂಟಪ ಪ್ರಭಾಕರ ಉಪಾಧ್ಯರಂತಹ ಕಲಾವಿದರು ಸ್ತ್ರೀವೇಷ ಹಾಕಿ ರಂಗಕ್ಕೆ ಬಂದರೆ ಪ್ರೇಕ್ಷಕರಿಗೆ ಕಾಣುವುದು ಹೆಣ್ಣೇ. ಗಂಡಸೊಬ್ಬ ಅಭ್ಯಾಸದಿಂದ ಹೆಣ್ಣಿನ ನಡಿಗೆಯನ್ನು ಕಲಿಯಬಲ್ಲನಾದರೆ, ಆ ನಡಿಗೆಯ ಬಹುಪಾಲು ಎಲುಬಿನಲ್ಲಿಲ್ಲ, ಅಭ್ಯಾಸದಲ್ಲಿದೆ ಎಂದಾಯಿತಲ್ಲವೇ?

ಇನ್ನೊಂದು ಉದಾಹರಣೆ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ತೋಟದ ಇಳಿಜಾರಿನಲ್ಲಿ ಹಣ್ಣಿನ ಮೂಟೆ ಹೊತ್ತು ಕಣದ ಕಡೆ ಬರುವವರನ್ನು ದೂರದಿಂದ ಗಮನಿಸಿ. ಎಲ್ಲರೂ ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಚಿಕ್ಕದು ಮಾಡಿ, ಹಿಮ್ಮಡಿ ಊರಿ ಇಳಿಯುತ್ತಾರೆ. ಗಂಡು ಹೆಣ್ಣು ಎಂದು ಹೇಳುವುದು ಬಟ್ಟೆಯಿಂದಲೇ ಹೊರತು ನಡಿಗೆಯಿಂದಲ್ಲ. ನೆಲ, ಭಾರ, ಕಾಲಿನ ಚಪ್ಪಲಿ, ಹೊತ್ತು, ಆಯಾಸ ಇವು ನಡಿಗೆಯನ್ನು ಎಷ್ಟು ರೂಪಿಸುತ್ತವೆಯೋ ಅಷ್ಟನ್ನು ಗಂಡು ಹೆಣ್ಣೆಂಬ ಭೇದ ರೂಪಿಸುವುದಿಲ್ಲ. ನಮ್ಮ ಜಿಲ್ಲೆಯ ಅಶ್ವಿನಿ ನಾಚಪ್ಪನವರು ಟ್ರ್ಯಾಕ್‌ನಲ್ಲಿ ಓಡಿದಾಗ ದೇಶ ನೋಡಿದ್ದು ಅವರ ವೇಗವನ್ನು. ಹಾಕಿ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವ ಹುಡುಗಿ ಹೇಗೆ ಕಾಣುತ್ತೇನೆ ಎಂದು ಯೋಚಿಸುವುದಿಲ್ಲ, ಚೆಂಡು ಎಲ್ಲಿದೆ ಎಂದು ಯೋಚಿಸುತ್ತಾಳೆ.

ಭಾಷೆ ಕಲಿಸುವವನಾದ ನನಗೆ ಈ ವಿಷಯ ವ್ಯಾಕರಣದ ಮೂಲಕ ಇನ್ನೂ ಸ್ಪಷ್ಟವಾಗುತ್ತದೆ. ಶಾಲೆಯಲ್ಲಿ ಕಲಿಸುವ ಉರ್ದುವಿನಲ್ಲಿ ಹುಡುಗ 'ಮೈಂ ದೌಡ್ತಾ ಹೂಂ' ಎನ್ನುತ್ತಾನೆ, ಹುಡುಗಿ 'ಮೈಂ ದೌಡ್ತೀ ಹೂಂ' ಎನ್ನುತ್ತಾಳೆ. ತನ್ನ ಬಗ್ಗೆ ತಾನೇ ಹೇಳುವಾಗಲೂ ಕ್ರಿಯಾಪದಕ್ಕೆ ಲಿಂಗವಿದೆ. ಕನ್ನಡದಲ್ಲಿ 'ಓಡಿದನು, ಓಡಿದಳು' ಎಂಬ ಭೇದವಿದೆ, ಆದರೆ 'ನಾನು ಓಡುತ್ತೇನೆ' ಎಂದಾಗ ಹೇಳಿದವರು ಯಾರೆಂದು ಕ್ರಿಯಾಪದ ತಿಳಿಸುವುದಿಲ್ಲ. ನಮ್ಮಲ್ಲಿ ಹಲವರ ಮನೆಮಾತಾದ ಮಲಯಾಳದಲ್ಲಿ ಅವನೂ 'ಓಡಿ', ಅವಳೂ 'ಓಡಿ'. ಕ್ರಿಯಾಪದ ಒಂದೇ. ಮೂರು ಭಾಷೆಗಳಲ್ಲೂ ಗಂಡು ಹೆಣ್ಣು ಇದ್ದಾರೆ. ಅದನ್ನು ಎಲ್ಲಿ ಗುರುತಿಸಬೇಕು, ಎಲ್ಲಿ ಬೇಡ ಎಂಬುದರಲ್ಲಿ ಮಾತ್ರ ಒಂದೊಂದು ಭಾಷೆಯ ಪದ್ಧತಿ ಒಂದೊಂದು. ಅನಿಮೇಟರನ ಮುಂದೆ ಇರುವುದೂ ಇದೇ ಪ್ರಶ್ನೆ. ಓಡು, ಹಾರು, ಹತ್ತು, ಬೀಳು, ಏಳು ಎಂಬ ಕ್ರಿಯಾಪದಗಳಿಗೆಲ್ಲ ಲಿಂಗ ಹಚ್ಚಬೇಕೇ? ಅಥವಾ ನಿಲ್ಲುವ ಭಂಗಿ, ಕೂರುವ ರೀತಿ ಮುಂತಾದ ಕೆಲವಕ್ಕೆ ಮಾತ್ರ ಸಾಕೇ? 2007ರ ಮಾಸ್ ಎಫೆಕ್ಟ್ ಆಟದಲ್ಲಿ ಆಟಗಾರ ಶೆಪರ್ಡ್ ಎಂಬ ನಾಯಕನನ್ನೋ ನಾಯಕಿಯನ್ನೋ ಆರಿಸಿಕೊಳ್ಳಬಹುದಿತ್ತು. ಹೆಚ್ಚಿನ ಚಲನೆಗಳು ಇಬ್ಬರಿಗೂ ಒಂದೇ. ಓಡುವಾಗ, ಹೋರಾಡುವಾಗ ಅದು ಯಾರ ಕಣ್ಣಿಗೂ ಚುಚ್ಚಲಿಲ್ಲ. ಕುಳಿತುಕೊಳ್ಳುವಂತಹ ಕೆಲವು ಕಡೆ ಮಾತ್ರ ಗಂಡಿನ ಭಂಗಿಯನ್ನೇ ಎರವಲು ತಂದದ್ದು ಎದ್ದು ಕಂಡಿತು. ಅಂದರೆ ತಿದ್ದಬೇಕಾದದ್ದು ಇತ್ತು, ಆದರೆ ಸ್ವಲ್ಪ.

ಈಗ ನಾನು ಹೇಳಬೇಕಾದ ಮುಖ್ಯ ಘಟನೆಗೆ ಬರುತ್ತೇನೆ. ಫ್ರಾನ್ಸಿನ ಯೂಬಿಸಾಫ್ಟ್ ಎಂಬ ದೊಡ್ಡ ಕಂಪನಿ 2014ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಎಂಬ ಆಟವನ್ನು ಹೊರತಂದಿತು. ಫ್ರೆಂಚ್ ಕ್ರಾಂತಿಯ ಕಾಲದ ಪ್ಯಾರಿಸ್ ನಗರದ ಕಥೆ. ನಾಲ್ವರು ಸ್ನೇಹಿತರು ಒಟ್ಟಿಗೆ ಆಡಬಹುದು, ಆದರೆ ನಾಲ್ವರೂ ಗಂಡಸರೇ. ಆ ವರ್ಷದ ಜೂನ್ ತಿಂಗಳಿನಲ್ಲಿ ಅಮೆರಿಕದ ಪ್ರದರ್ಶನವೊಂದರಲ್ಲಿ, ಹೆಣ್ಣು ಪಾತ್ರ ಏಕಿಲ್ಲ ಎಂದು ಪತ್ರಕರ್ತರು ಕೇಳಿದರು. ಆಟದ ನಿರ್ದೇಶಕ ಅಲೆಕ್ಸ್ ಅಮಾನ್ಸಿಯೋ ಕೊಟ್ಟ ಉತ್ತರದ ಸಾರಾಂಶ ಇಷ್ಟು: ನಾವು ಸೇರಿಸಬೇಕೆಂದೇ ಇದ್ದೆವು, ಆದರೆ ಹೆಣ್ಣು ಪಾತ್ರವೆಂದರೆ ಅನಿಮೇಷನ್ ಎರಡರಷ್ಟು, ಧ್ವನಿ ಎರಡರಷ್ಟು, ಬಟ್ಟೆಬರೆ ಎರಡರಷ್ಟು, ಅಷ್ಟು ಕೆಲಸ ನಮ್ಮಿಂದಾಗಲಿಲ್ಲ. ಅದೇ ಕಂಪನಿಯ ಇನ್ನೊಬ್ಬರು, 8000ಕ್ಕೂ ಹೆಚ್ಚು ಚಲನೆಗಳನ್ನು ಬೇರೆ ಎಲುಬಿನ ಗೂಡಿನ ಮೇಲೆ ಮತ್ತೆ ಮಾಡಬೇಕಾಗುತ್ತಿತ್ತು ಎಂದು ಲೆಕ್ಕ ಕೊಟ್ಟರು. ವಿಪರ್ಯಾಸ ನೋಡಿ. ಆ ಕ್ರಾಂತಿಯಲ್ಲಿ 1793ರಲ್ಲಿ ಮರಾತ್‌ನನ್ನು ಕೊಂದು ಇತಿಹಾಸದಲ್ಲಿ ಉಳಿದುಹೋದ ಶಾರ್ಲತ್ ಕಾರ್ಡೇ ಒಬ್ಬ ಹೆಂಗಸು.

ಎಂಟು ಸಾವಿರ! ಸಂಖ್ಯೆ ದೊಡ್ಡದು. ಕೆಲಸ ತಿಳಿಯದವರು ಕೇಳಿದರೆ, ಹೌದು ಪಾಪ, ಎಂದು ತಲೆದೂಗಬೇಕು. ಆದರೆ ಕೆಲಸ ತಿಳಿದವರೊಬ್ಬರು ಬಾಯಿ ತೆರೆದರು. ಜೊನಾಥನ್ ಕೂಪರ್ ಎಂಬ ಅನಿಮೇಟರ್ ಅದೇ ಸರಣಿಯ ಮೂರನೆಯ ಆಟದ ಅನಿಮೇಷನ್ ನಿರ್ದೇಶಕರಾಗಿದ್ದವರು. ನನ್ನ ಅಂದಾಜಿನಲ್ಲಿ ಇದು ಒಂದೆರಡು ದಿನಗಳ ಕೆಲಸ, ಎಂಟು ಸಾವಿರ ಚಲನೆಗಳನ್ನು ಬದಲಿಸುವ ಮಾತಲ್ಲ ಎಂದು ಅವರು ಬಹಿರಂಗವಾಗಿ ಹೇಳಿದರು. ಮುಖ್ಯವಾದ ಕೆಲವನ್ನು ಮಾತ್ರ ಹೊಸದಾಗಿ ಮಾಡಿದರೆ ಸಾಕು ಎಂಬುದು ಅವರ ನಿಲುವು. 2012ರಲ್ಲಿ ಇದೇ ಕಂಪನಿ ಅವೆಲಿನ್ ಎಂಬ ನಾಯಕಿಯ ಆಟವನ್ನು ಮಾಡಿತ್ತು. ಅವಳ ಚಲನೆಗಳಲ್ಲಿ ಹಲವು ಕಾನರ್ ಎಂಬ ನಾಯಕನಿಂದಲೇ ಬಂದವು ಎಂಬುದನ್ನೂ ಅವರು ನೆನಪಿಸಿದರು. ನಾನು ಆಗಲೇ ಹೇಳಿದ ದರ್ಜಿಯ ಕೆಲಸ ಇದೇ.

ಮುಂದೇನಾಯಿತು? 2015ರ ಮುಂದಿನ ಆಟದಲ್ಲಿ ಅದೇ ಕಂಪನಿ ಜೇಕಬ್ ಮತ್ತು ಈವೀ ಎಂಬ ಅವಳಿ ಅಕ್ಕತಮ್ಮಂದಿರನ್ನು ತಂದಿತು. 2018ರ ಆಟದಲ್ಲಿ ಅಲೆಕ್ಸಿಯೋಸ್ ಅಥವಾ ಕಸ್ಸಾಂಡ್ರಾ, ಯಾರನ್ನು ಬೇಕಾದರೂ ಆರಿಸಿಕೊಳ್ಳಿ ಎಂದಿತು. ನಾಲ್ಕೇ ವರ್ಷಗಳಲ್ಲಿ ಅಸಾಧ್ಯವೆನ್ನಿಸಿದ್ದು ಸಾಧ್ಯವಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2020ರ ಜುಲೈನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಒಂದು ವರದಿ ಪ್ರಕಟಿಸಿತು. ಈವೀಯ ಪಾತ್ರವನ್ನೂ ಕಸ್ಸಾಂಡ್ರಾಳ ಪಾತ್ರವನ್ನೂ ಕಂಪನಿಯ ಮೇಲಿನವರು ಮೊಟಕುಗೊಳಿಸಿದ್ದರು, ನಾಯಕಿಯರಿದ್ದರೆ ಆಟ ಮಾರಾಟವಾಗುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು ಎಂದು ಆ ವರದಿ ಹೇಳಿತು. ಅಂದರೆ ತೊಡಕಿದ್ದದ್ದು ಎಲುಬಿನ ಗೂಡಿನಲ್ಲಿ ಮಾತ್ರವಲ್ಲ, ಮನಸ್ಸಿನಲ್ಲಿಯೂ. ಆ ನಂಬಿಕೆಯಾದರೂ ನಿಜವೇ? 2017ರಲ್ಲಿ ನೆದರ್ಲೆಂಡ್ಸ್‌ನ ಗೆರಿಲ್ಲಾ ಗೇಮ್ಸ್ ಸಂಸ್ಥೆ ಏಲಾಯ್ ಎಂಬ ಹುಡುಗಿಯನ್ನು ನಾಯಕಿಯಾಗಿಸಿ ಹೊರೈಝನ್ ಝೀರೋ ಡಾನ್ ಆಟವನ್ನು ಹೊರತಂದಿತು. 2021ರ ನವೆಂಬರ್ ಹೊತ್ತಿಗೆ ಅದರ ಎರಡು ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಇಲ್ಲಿ ನಮ್ಮ ಸಮುದಾಯದ ದೃಷ್ಟಿಯಿಂದ ಒಂದು ಮಾತು ಹೇಳಲೇಬೇಕು. ಆಟಗಳ ಲೋಕದಲ್ಲಿ ಹೆಣ್ಣಿಗೆ ಎರಡು ಬಗೆಯ ಅನ್ಯಾಯವಾಗಿದೆ. ಒಂದು, ಅವಳನ್ನು ಪೂರ್ತಿ ಬಿಟ್ಟುಬಿಡುವುದು. ಇನ್ನೊಂದು, ಅವಳನ್ನು ಸೇರಿಸಿಕೊಂಡು ಬಳುಕುವ ನಡಿಗೆ, ಮೈಗಂಟಿದ ಉಡುಪು ಕೊಟ್ಟು ನೋಡುವವರ ಕಣ್ಣಿಗೆ ಆಹಾರ ಮಾಡುವುದು. ಹಯಾ, ಅಂದರೆ ಲಜ್ಜೆ, ನಮಗೆ ಈಮಾನಿನ ಭಾಗ. ಆದರೆ ಅದು ಹೆಣ್ಣಿಗೆ ಮಾತ್ರ ಹೇಳಿದ್ದಲ್ಲ. ಸೂರಃ ಲುಕ್ಮಾನ್‌ನಲ್ಲಿ ನಡಿಗೆಯಲ್ಲಿ ಮಿತವಿರಬೇಕೆಂಬ ಉಪದೇಶ ಬರುತ್ತದೆ. ಅದು ತಂದೆ ತನ್ನ ಮಗನಿಗೆ ಮಾಡಿದ ಉಪದೇಶ ಎಂಬುದನ್ನು ನಾವು ಎಷ್ಟು ಜನ ಗಮನಿಸಿದ್ದೇವೆ? ಎದೆ ಸೆಟೆಸಿ, ಭುಜ ಕುಣಿಸಿ ನಡೆಯುವ ನಾಯಕನ ನಡಿಗೆಯೂ ಯಾರೋ ಬರೆದು ಕೊಟ್ಟದ್ದೇ, ನಮ್ಮ ಹುಡುಗರು ಅದನ್ನೂ ಕಲಿಯುತ್ತಿದ್ದಾರೆ.

ಮರ್ಯಾದೆ ಕೆಡದೆ ನಾಯಕಿಯನ್ನು ಚಿತ್ರಿಸಲು ಬರುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. 2013ರಲ್ಲಿ ಪಾಕಿಸ್ತಾನದ ಟಿವಿಯಲ್ಲಿ ಬುರ್ಖಾ ಅವೆಂಜರ್ ಎಂಬ ಕಾರ್ಟೂನ್ ಸರಣಿ ಆರಂಭವಾಯಿತು. ಅದರ ನಾಯಕಿ ಜಿಯಾ ಒಬ್ಬ ಶಾಲಾ ಶಿಕ್ಷಕಿ. ಹೆಣ್ಣುಮಕ್ಕಳ ಶಾಲೆ ಮುಚ್ಚಿಸಲು ಬಂದವರನ್ನು ಬುರ್ಖಾ ತೊಟ್ಟು ಎದುರಿಸುತ್ತಾಳೆ. ಅವಳ ಆಯುಧಗಳು ಪುಸ್ತಕ ಮತ್ತು ಪೆನ್ನು. ಅಮೆರಿಕದ ಪ್ರತಿಷ್ಠಿತ ಪೀಬಾಡಿ ಪ್ರಶಸ್ತಿ ಅದಕ್ಕೆ ಸಂದಿತು. ಅಲ್ಲಿ ಅನಿಮೇಟರನಿಗೆ ಮೈ ಕಾಣಿಸುವ ಅನುಕೂಲವೇ ಇಲ್ಲ. ಗಾಳಿಗೆ ಬೀಸುವ ಬಟ್ಟೆ, ಹಾರುವ ಭಂಗಿ, ಎರಡು ಕಣ್ಣು, ಇಷ್ಟರಿಂದಲೇ ಅವಳ ಧೈರ್ಯ ಕಾಣಬೇಕು, ಕಾಣುತ್ತದೆ. 2020ರ ಮಾರ್ವೆಲ್ಸ್ ಅವೆಂಜರ್ಸ್ ಆಟದ ಕಥೆ ಸಾಗುವುದು ಕಮಲಾ ಖಾನ್ ಎಂಬ ಮುಸ್ಲಿಂ ಹುಡುಗಿಯ ಮೂಲಕ. ಆ ಆಟದ ಮಾರಾಟ 2023ರಲ್ಲಿ ನಿಂತಿತು, ಆದರೆ ಕೋಟಿಗಟ್ಟಲೆ ಬೆಲೆಯ ಆಟಕ್ಕೆ ಅಂಥ ಹುಡುಗಿ ನಾಯಕಿಯಾದದ್ದು ದಾಖಲೆಯಾಗಿ ಉಳಿಯಿತು. ನಮ್ಮ ದೇಶದಲ್ಲೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡ 2020ರಲ್ಲಿ ರಾಜಿ ಎಂಬ ಆಟವನ್ನು ತಂದಿತು. ರಾಜಿ ಅಪಹರಣಕ್ಕೊಳಗಾದ ತಮ್ಮನನ್ನು ಹುಡುಕಿ ಹೊರಟ ಅಕ್ಕ. ಕಸರತ್ತು ಕಲಿತ ಹುಡುಗಿಯಾದ್ದರಿಂದ ಅವಳ ನೆಗೆತ, ಪಲ್ಟಿಗಳೆಲ್ಲ ಆ ಕಸುಬಿನಿಂದ ಬಂದವು. ಅವಳ ಚಲನೆಗೆ ಕಾರಣ ಅವಳು ಹೆಣ್ಣು ಎಂಬುದಲ್ಲ, ಅವಳು ಯಾರು, ಏನು ಕಲಿತವಳು, ಯಾರಿಗಾಗಿ ಓಡುತ್ತಿದ್ದಾಳೆ ಎಂಬುದು.

ಯಾರಿಗಾಗಿ ಓಡುತ್ತಿದ್ದಾಳೆ! ಇಲ್ಲಿ ನನಗೆ ಬೀಬಿ ಹಾಜರಾ (ಅ) ನೆನಪಾಗುತ್ತಾರೆ. ಮಗು ಇಸ್ಮಾಯೀಲ್ (ಅ) ಬಾಯಾರಿ ಅಳುತ್ತಿದ್ದಾಗ ಆ ತಾಯಿ ನೀರಿಗಾಗಿ ಸಫಾ ಮತ್ತು ಮರ್ವಾ ಬೆಟ್ಟಗಳ ನಡುವೆ ಏಳು ಬಾರಿ ಓಡಾಡಿದರು. ಇಂದಿಗೂ ಹಜ್ಜಿಗೆ, ಉಮ್ರಾಕ್ಕೆ ಹೋದ ಪ್ರತಿಯೊಬ್ಬರೂ ಸಯೀ ಮಾಡುತ್ತಾರೆ. ಹಸಿರು ದೀಪಗಳ ನಡುವೆ ಗಂಡಸರು ವೇಗವಾಗಿ ಹೆಜ್ಜೆ ಹಾಕುತ್ತಾರೆ. ಸ್ವಲ್ಪ ಯೋಚಿಸಿ. ಬಾದಶಹನಿರಲಿ, ಆಲಿಮನಿರಲಿ, ನಮ್ಮೂರಿನ ಹಾಜಿಯವರಿರಲಿ, ಅಲ್ಲಿ ಎಲ್ಲರೂ ಒಬ್ಬ ಹೆಂಗಸಿನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿದ್ದಾರೆ. ಅದು ಹೆಣ್ಣಿನ ಓಟ, ನಮಗೆ ಹೊಂದುವುದಿಲ್ಲ ಎಂದು ಯಾವ ಗಂಡಸೂ ಹಿಂದೆ ಸರಿದದ್ದಿಲ್ಲ.

ಸಭಿಕರೇ, ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಆ ಕಂಪನಿಯವರು ಹೇಳಿದ 'ಎರಡರಷ್ಟು ಕೆಲಸ' ಎಂಬ ಮಾತನ್ನು ನಾವು ಎಲ್ಲಿಯೋ ಕೇಳಿದ ಹಾಗಿದೆ ಅಲ್ಲವೇ? ಮಗಳು ಎಸ್ಸೆಸ್ಸೆಲ್ಸಿ ಪಾಸಾಗುತ್ತಾಳೆ. ಪಿಯುಸಿಗೆ ಸೇರಿಸಿ ಎಂದರೆ, 'ಮಾಷೇ, ಗಂಡು ಹುಡುಗನಾದರೆ ಹೇಗೋ ಆಗುತ್ತದೆ, ಹುಡುಗಿ ಎಂದರೆ ಖರ್ಚು ಎರಡು' ಎಂಬ ಉತ್ತರ ಬರುತ್ತದೆ. ಬಸ್ಸು, ಹಾಸ್ಟೆಲ್, ಜೊತೆಗೆ ಹೋಗಲು ಒಬ್ಬರು, ಜನರ ಬಾಯಿ, ಮದುವೆಯ ವಯಸ್ಸು ಎಂದು ಪಟ್ಟಿ ಬೆಳೆಯುತ್ತದೆ. ಇದು ನಮ್ಮ ಎಂಟು ಸಾವಿರ. ಈ ಚಿಂತೆಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಮಳೆಗಾಲದ ಸಂಜೆ ತೋಟದ ದಾರಿಯಲ್ಲಿ, ಆನೆಯ ಭಯವಿರುವ ಕಡೆ ಮಗಳು ಒಬ್ಬಳೇ ನಡೆದು ಬರಬೇಕೆಂದರೆ ಯಾವ ತಾಯಿಗೆ ಆತಂಕವಿಲ್ಲ? ನಾನು ಕೇಳುವುದಿಷ್ಟೆ: ಪಟ್ಟಿಯನ್ನು ನೋಡಿ ಹೆದರುವ ಮೊದಲು ಒಂದೊಂದನ್ನೇ ಬಿಡಿಸಿ ಲೆಕ್ಕ ಹಾಕಿ. ಕೂಪರ್ ಮಾಡಿದ್ದು ಅದನ್ನೇ. ಬಸ್ಸಿನ ಖರ್ಚೇ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು ಎನ್ನುವಿರಾ? ಹಾಗಾದರೆ ಕಾಲೇಜಿನ ಹೊತ್ತಿಗೆ ಒಂದು ಸರ್ಕಾರಿ ಬಸ್ಸು ಬೇಕೆಂದು ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಮನವಿ ಕೊಡಬಹುದು. ಜೊತೆ ಬೇಕೇ? ಒಂದೇ ದಾರಿಯ ನಾಲ್ಕು ಹುಡುಗಿಯರನ್ನು ಒಟ್ಟಿಗೆ ಸೇರಿಸಿದರೆ ಅವರೇ ಒಬ್ಬರಿಗೊಬ್ಬರು ಜೊತೆ. ಹೀಗೆ ಒಂದೊಂದೇ ತೆಗೆದುಹಾಕಿದ ಮೇಲೆ ನಿಜವಾಗಿ ಉಳಿಯುವ ಖರ್ಚು ಎಷ್ಟೆಂದು ನೋಡೋಣ. ಅದು ಒಂದೆರಡು ದಿನಗಳ ಕೆಲಸವೇ ಆಗಿರಬಹುದು. ಎಲ್ಲ ತೆಗೆದ ಮೇಲೂ ಮನಸ್ಸು ಒಪ್ಪದಿದ್ದರೆ, ತೊಡಕು ಖರ್ಚಿನದಲ್ಲ, ನಂಬಿಕೆಯದು ಎಂದು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಇನ್ನು ವಿದ್ಯಾರ್ಥಿಗಳಿಗೆ. ಆ ಎಂಟು ಸಾವಿರದ ಮಾತನ್ನು ಪ್ರಶ್ನಿಸಲು ಕೂಪರ್‌ಗೆ ಸಾಧ್ಯವಾದದ್ದು ಏಕೆ? ಅವರಿಗೆ ಕೆಲಸ ಗೊತ್ತಿತ್ತು. ಆಟ ಆಡುವ ಲಕ್ಷಾಂತರ ಜನ ಕೋಪಗೊಂಡರು, ಆದರೆ ಲೆಕ್ಕವನ್ನು ಲೆಕ್ಕದಿಂದಲೇ ಉತ್ತರಿಸಿದವರು ಕೆಲಸ ಕಲಿತವರು. ನೀವು ಆಟ ಆಡುವವರಾಗಿಯೇ ಉಳಿಯುತ್ತೀರೋ, ಅದನ್ನು ಮಾಡುವವರಾಗುತ್ತೀರೋ? ಈ ಕೆಲಸ ನಮ್ಮಿಂದ ದೂರವಿಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಭಾರತದ ಮೊದಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. ವಿದೇಶದ ದೊಡ್ಡ ಆಟಗಳ ಚಿತ್ರಕೆಲಸ ಅಲ್ಲಿ ನಡೆಯುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮ್ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ತಂದಿತು, ಅನಂತರ ಅದನ್ನು ಹೊಸದಾಗಿಸುತ್ತಾ ಬಂದಿದೆ. ಆದರೆ ಬರೀ ಬಣ್ಣದ ಕನಸು ತೋರಿಸುವುದು ಶಿಕ್ಷಕನ ಧರ್ಮವಲ್ಲ. 2025ರ ಆರಂಭದಲ್ಲಿ ಟೆಕ್ನಿಕಲರ್ ಎಂ‌ಬ ಬಹುರಾಷ್ಟ್ರೀಯ ಕಂಪನಿ ಮುಚ್ಚಿದಾಗ ಬೆಂಗಳೂರಿನಲ್ಲಿಯೂ ಬಹಳ ಮಂದಿ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಆದ್ದರಿಂದ ಕೈಕೆಲಸದ ಜೊತೆ ಡಿಗ್ರಿಯೂ ಇರಲಿ, ಗಣಿತ, ಭಾಷೆ, ಚಿತ್ರಕಲೆ ಯಾವುದನ್ನೂ ಬಿಡಬೇಡಿ.

ಕಲಿಯಲು ಲಕ್ಷಗಟ್ಟಲೆ ಹಣ ಬೇಕೆಂದು ಹೆದರಬೇಡಿ. ಬ್ಲೆಂಡರ್ ಎಂಬ ತಂತ್ರಾಂಶ ಸಂಪೂರ್ಣ ಉಚಿತ. ಲಾಟ್ವಿಯಾ ಎಂಬ ಪುಟ್ಟ ದೇಶದ ತಂಡ ಅದರಲ್ಲೇ ತಯಾರಿಸಿದ ಫ್ಲೋ ಎಂಬ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಕಂಪ್ಯೂಟರ್ ಇಲ್ಲದಿದ್ದರೆ ನೋಟ್‌ಪುಸ್ತಕವೇ ಸಾಕು. ಒಂದು ಹೆಜ್ಜೆಗೆ ಮುಖ್ಯವಾದ ಭಂಗಿಗಳು ನಾಲ್ಕು: ಹಿಮ್ಮಡಿ ನೆಲ ಮುಟ್ಟುವುದು, ಮೈ ಕೆಳಗಿಳಿಯುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ಮೈ ಮೇಲೇರುವುದು. ಇವನ್ನು ಪುಟಗಳ ಮೂಲೆಯಲ್ಲಿ ಬಿಡಿಸಿ ಬೆರಳಿನಿಂದ ಸರ್ರನೆ ತಿರುಗಿಸಿದರೆ ನಿಮ್ಮ ಮನುಷ್ಯ ನಡೆಯುತ್ತಾನೆ. ಮೊದಲು ನಿಮ್ಮ ಅಜ್ಜಿಯ ನಡಿಗೆ, ನೀರಿನ ಕೊಡ ಹೊತ್ತ ಅಮ್ಮನ ನಡಿಗೆ, ಅಂಗಡಿಯಿಂದ ಬರುವ ತಂದೆಯ ನಡಿಗೆ ಗಮನಿಸಿ. ಇದು ಗಂಡು ನಡಿಗೆ, ಇದು ಹೆಣ್ಣು ನಡಿಗೆ ಎಂದು ಮೊದಲೇ ತೀರ್ಮಾನಿಸಬೇಡಿ. ಇವರು ಎಲ್ಲಿಗೆ ಹೊರಟಿದ್ದಾರೆ, ಏನು ಹೊತ್ತಿದ್ದಾರೆ ಎಂದು ಕೇಳಿ. ಉತ್ತರ ಸಿಕ್ಕರೆ ಚಿತ್ರ ತಾನಾಗಿ ಬರುತ್ತದೆ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಕೋರಿಕೆ. ರಜಾ ದಿನಗಳಲ್ಲಿ ಒಂದೆರಡು ಕಂಪ್ಯೂಟರ್‌ಗಳನ್ನಿಟ್ಟು ಹುಡುಗರಿಗೂ ಹುಡುಗಿಯರಿಗೂ ಅನಿಮೇಷನ್ನಿನ ಒಂದು ಚಿಕ್ಕ ತರಗತಿ ನಡೆಸೋಣ. ಹುಡುಗಿಯರಿಗೆ ಬೇರೆ ಸಮಯ ಬೇಕೆಂದರೆ ಬೇರೆ ಸಮಯ ಕೊಡೋಣ, ಆದರೆ ಅವರನ್ನು ಬಿಟ್ಟು ನಡೆಸುವುದು ಬೇಡ. ಓದು ಎಂಬ ಆಜ್ಞೆಯಿಂದ ಆರಂಭವಾದ ದೀನ್ ನಮ್ಮದು. ಆ ಆಜ್ಞೆಯಲ್ಲಿ ಮಗನಿಗೆ ಒಂದು ಪಾಲು, ಮಗಳಿಗೆ ಇನ್ನೊಂದು ಪಾಲು ಎಂದು ಹಂಚಿಲ್ಲ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಇಲ್ಮ್ ಅನ್ನೂ, ಅದನ್ನು ಒಳಿತಿಗೆ ಬಳಸುವ ತೌಫೀಕ್ ಅನ್ನೂ ಕರುಣಿಸಲಿ. ಆಮೀನ್.